ನಂಬರಕ್ಕ ಬಿಟ್ಟ ಒಂದು ಸಾಲು

ಆ ವರ್ಷ ನಮ್ಮ ಕಚೇರಿಯಲ್ಲಿ ಮೂರು ತಿಂಗಳು ಯಾರೂ ನೆಟ್ಟಗೆ ಕೆಲಸ ಮಾಡಲಿಲ್ಲ. ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಮಂತ್ರಿಗಳ ವಿರುದ್ಧ ತನಿಖೆಯವರ ಮುಂದೆ ಬಾಯಿಬಿಟ್ಟವರು ಯಾರು? ಕೊನೆಗೆ ಎಲ್ಲರೂ ಸೇರಿ ಅದು ನಂಬರಕ್ಕನೇ ಎಂದು ತೀರ್ಮಾನಿಸಿದರು. ಆ ಗುಂಪಿನಲ್ಲಿ ನಾನೂ ಕೂತಿದ್ದೆ, ಹೌದೌದು ಎಂದು ತಲೆಯನ್ನೂ ಆಡಿಸಿದೆ. ನಿಜವಾಗಿ ಬಾಯಿಬಿಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಬದುಕಿದ ಆ ಮೂರು ತಿಂಗಳು ನನಗೆ ಈ ಜನ್ಮಕ್ಕೆ ಸಾಕು.

ನಂಬರಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಚಲಾವಣೆಯಲ್ಲಿತ್ತು. ಮೂವತ್ತನಾಲ್ಕು ವರ್ಷ ಅವರು ಕೂತದ್ದು ಒಂದೇ ಜಾಗದಲ್ಲಿ, ಮೆಟ್ಟಿಲು ಹತ್ತಿದೊಡನೆ ಸಿಗುವ ಕಂಬಿ ಕಿಟಕಿಯ ಹಿಂದೆ. ಕಚೇರಿಗೆ ಬರುವ ಟಪಾಲು ಆವಕ ಪುಸ್ತಕಕ್ಕೆ, ಹೊರಡುವ ಟಪಾಲು ಜಾವಕ ಪುಸ್ತಕಕ್ಕೆ. ಎರಡೂ ಅವರ ಸುಪರ್ದಿನಲ್ಲಿ. ಬಲಗೈ ಹೆಬ್ಬೆರಳಿಗೆ ರಬ್ಬರಿನ ಟೋಪಿ, ಬೆರಳ ತುದಿಗಳಲ್ಲಿ ತೊಳೆದರೂ ಹೋಗದ ನೇರಳೆ ಮಸಿ. ಎದುರಿಗೆ ಕಬ್ಬಿಣದ ನಂಬರಿನ ಮುದ್ರೆ. ಒಮ್ಮೆ ಒತ್ತಿದರೆ ಹಾಳೆಯ ಮೇಲೆ ಅಂಕಿ ಬೀಳುತ್ತದೆ, ಒಳಗಿನ ಚಕ್ರ ತಾನೇ ಮುಂದಿನ ಅಂಕಿಗೆ ತಿರುಗಿ ನಿಲ್ಲುತ್ತದೆ. ಬೆಳಗಿನ ಟಪಾಲು ಬಂತೆಂದರೆ ಮೊದಲು ಇಡೀ ರಾಶಿಗೆ ಠಪ್ ಠಪ್ ಎಂದು ಮುದ್ರೆ, ಆಮೇಲೆ ಓದು, ಆಮೇಲೆ ಪುಸ್ತಕಕ್ಕೆ ಬರಹ. ಈ ಕ್ರಮ ಅವರು ಒಂದು ದಿನವೂ ತಪ್ಪಿಸಿದ್ದಿಲ್ಲ.

"ಮಂತ್ರಿ ಸಹಿ ಹಾಕ್ಲಿ, ಮಹಾರಾಜ ಸಹಿ ಹಾಕ್ಲಿ, ನಂಬರ್ ಬೀಳೋವರೆಗೂ ಅದು ಬರೀ ಹಾಳೆ ಕಣೇ. ಕಡ್ಲೆ ಕಟ್ಟೋಕೆ ಲಾಯಕ್ಕು" ಎಂದು ನನಗೆ ಆಗಾಗ ಹೇಳುತ್ತಿದ್ದರು.

ನಾನು ಅವರ ಹಿಂದಿನ ಮೇಜಿನ ಟೈಪಿಸ್ಟು. ನನ್ನ ಯಂತ್ರದ ಸದ್ದಿಗೆ ಎಲ್ಲರೂ ನನ್ನನ್ನು ಟಕಟಕ ಎಂದು ಕರೆಯುತ್ತಿದ್ದರು. ನನ್ನ ಬಾಯಿಗೂ ಅದೇ ಹೆಸರು ಹೊಂದುತ್ತಿತ್ತು ಎಂದು ನನ್ನ ಯಜಮಾನರ ಅಭಿಪ್ರಾಯ. ಹದಿಮೂರು ವರ್ಷ ನಾನೂ ನಂಬರಕ್ಕನೂ ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಉಂಡಿದ್ದೇವೆ. ನನ್ನ ಮಗಳಿಗೆ ಅಂಕಿ ಕಲಿಸಿದ್ದು ಅವರೇ, ಹಳೆಯ ಲಕೋಟೆಗಳ ಮೇಲೆ ಮುದ್ರೆ ಒತ್ತಿಸಿ. ಅವರು ಮದುವೆಯಾಗಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಮಂಡಿ ಹಿಡಿದು ಮೆಟ್ಟಿಲಿಳಿಯಲಾಗದ ತಮ್ಮ ಅಕ್ಕನ ಜೊತೆ ಇದ್ದರು. ಆ ದೊಡ್ಡಕ್ಕ ಹಗಲೆಲ್ಲ ಒಬ್ಬರೇ ಕೂತು ಇಸ್ಪೀಟಾಡುತ್ತಿದ್ದರು, ಒಬ್ಬರೇ ಆಡುವಾಗಲೂ ಮೋಸ ಮಾಡುತ್ತಿದ್ದರು.

ಇನ್ನು ಟವೆಲಿನ ವಿಷಯ ಹೇಳಬೇಕು. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಜಾವಕ ಪುಸ್ತಕದಲ್ಲಿ ದಿನದ ಕೊನೆಗೆ ಮೂರು ನಂಬರಿನ ಸಾಲು ಖಾಲಿ ಬಿಡುವುದು ನಮ್ಮಲ್ಲಿ ರೂಢಿ. ನಾಳೆಯೋ ನಾಡಿದ್ದೋ ಸಾಹೇಬರಿಗೆ ಹಿಂದಿನ ತಾರೀಖಿನ ಪತ್ರವೊಂದು ಬೇಕಾದರೆ ಆ ಸಾಲಿನಲ್ಲಿ ಕೂರಿಸಬಹುದು. ನಂಬರಕ್ಕ ಬರುವ ಮೊದಲಿಂದಲೂ ಇದು ನಡೆದು ಬಂದದ್ದು. ಅವರು ಅದಕ್ಕೆ ಟವೆಲ್ ಸಾಲು ಎಂದು ಹೆಸರಿಟ್ಟರು, ಅಷ್ಟೇ. ಮೇಲಿನವರು ಹೇಳಿದ್ದಕ್ಕೆ ಜಾವಕದಲ್ಲಿ ಬಿಡುತ್ತಿದ್ದರು. ಆವಕ ಪುಸ್ತಕದಲ್ಲಿ ಮಾತ್ರ, "ಬಂದಿದ್ದು ಬಂದಿದೆ, ಅದಕ್ಕೆ ಯಾವ ಟವೆಲ್ಲು?" ಎನ್ನುತ್ತಿದ್ದರು. ಮೂವತ್ತನಾಲ್ಕು ವರ್ಷದ ಆವಕದಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ. ಆ ಪುಸ್ತಕಗಳ ಬಗ್ಗೆ ಅವರಿಗೆ ಹೆತ್ತ ಮಕ್ಕಳ ಮೇಲಿನಷ್ಟು ಹೆಮ್ಮೆ.

ಚುನಾವಣೆ ಹದಿನಾಲ್ಕನೇ ತಾರೀಖು ಘೋಷಣೆಯಾಯಿತು. ಘೋಷಣೆಯಾದ ಮೇಲೆ ಹೊಸ ಆದೇಶ ಹೊರಡಿಸುವಂತಿಲ್ಲ. ಇಪ್ಪತ್ತನೇ ತಾರೀಖು ನಮ್ಮ ಸೂಪರಿಂಟೆಂಡೆಂಟರು ನನ್ನ ಮೇಜಿಗೆ ಬಂದರು. ಯಾವ ಕೆಲಸ ಕೇಳಿದರೂ ನಾಳೆ ನೋಡೋಣ ಎನ್ನುವವರಾದ್ದರಿಂದ ಅವರಿಗೆ ನಾಳೆ ಸಾಹೇಬರು ಎಂದೇ ಹೆಸರು. ಅವತ್ತು ಮಾತ್ರ ಈಗಲೇ ಬೇಕು ಎಂದರು. ಒಂದು ಶಾಲೆಯ ಆಟದ ಮೈದಾನವನ್ನು ನಲವತ್ತು ವರ್ಷಕ್ಕೆ ಮಂತ್ರಿಗಳ ಭಾವಮೈದುನನ ಕಂಪನಿಗೆ ಬಿಟ್ಟುಕೊಡುವ ಆದೇಶ. "ತಾರೀಖು ಹನ್ನೆರಡು ಅಂತ ಹೊಡಿಯಮ್ಮ" ಎಂದರು. ಹೊಡೆದೆ. ಕೆಳಗೆ ಎಡಗಡೆ ಮೂಲೆಯಲ್ಲಿ ಟೈಪು ಮಾಡಿದವರ ಎರಡಕ್ಷರ ಹಾಕುವುದು ಪದ್ಧತಿ. ಅಭ್ಯಾಸಬಲದಿಂದ ಅದನ್ನೂ ಹಾಕಿದೆ. ನಂಬರಕ್ಕ ಹಾಳೆಯನ್ನು ನೋಡಿ, ನನ್ನ ಮುಖ ನೋಡಿ, "ಇದು ಹನ್ನೆರಡನೇ ತಾರೀಖಿಂದೇನೇ?" ಎಂದು ಕೇಳಿದರು.

"ಸಾಹೇಬ್ರು ಹೇಳಿದ್ರು ಅಕ್ಕಾ."

ಅವರು ಹನ್ನೆರಡನೇ ತಾರೀಖಿನ ಟವೆಲ್ ಸಾಲಿಗೆ ಅದನ್ನು ಸೇರಿಸಿ ನಾನೂರ ಹದಿನೆಂಟನೇ ನಂಬರು ಕೊಟ್ಟರು. ಅವತ್ತು ಇಬ್ಬರಿಗೂ ಅದು ಇನ್ನೊಂದು ಹಾಳೆ ಮಾತ್ರ ಆಗಿತ್ತು. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಯ ಗೂಟಗಳಾದ ನಮಗೆ ಅದು ತಿಳಿಯಲಿಲ್ಲ ಎಂದರೆ ಸುಳ್ಳು. ತಿಳಿದಿತ್ತು, ಅಭ್ಯಾಸವಾಗಿತ್ತು.

ಮಂತ್ರಿಗಳು ಮತ್ತೆ ಗೆದ್ದರು, ಮತ್ತೆ ಮಂತ್ರಿಯಾದರು. ಮೈದಾನಕ್ಕೆ ತಗಡಿನ ಬೇಲಿ ಬಿತ್ತು. ಮಕ್ಕಳ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು, ತನಿಖೆ ಶುರುವಾಯಿತು. ಅಲ್ಲಿಂದ ನಮ್ಮ ಕಚೇರಿಯಲ್ಲಿ ಪತ್ರಿಕೆ ಓದುವುದೇ ಕಾರ್ಯಕ್ರಮ. ಆರೋಪಿಗಳು ಏಳು ಎಂದು ಒಂದು ಪತ್ರಿಕೆ, ಹನ್ನೊಂದು ಎಂದು ಇನ್ನೊಂದು. "ಒಳಗಿನ ನೌಕರರೊಬ್ಬರು ತನಿಖೆಗೆ ಸಹಕರಿಸುತ್ತಿದ್ದಾರೆ" ಎಂದು ಒಂದು ದಿನ ಮೂರೇ ಸಾಲು ಬಂತು. ಆ ಮೂರು ಸಾಲಿನ ಮೇಲೆ ನಮ್ಮವರು ಮೂರು ವಾರ ಹರಟಿದರು. ನಮ್ಮ ಕಡತಕೋಣೆಯ ಗುಮಾಸ್ತರಂತೂ ಕಾನೂನು ಪಂಡಿತರೇ ಆಗಿಬಿಟ್ಟರು.

"ಅರ್ಧ ಗಂಟೇಲಿ ವಾಪಸ್ ಕಳ್ಸಿದ್ರೆ ಅವ್ನು ಆರೋಪಿ. ಇಡೀ ದಿನ ಕೂರ್ಸಿ ಟೀ ಕೊಟ್ರೆ ಸಾಕ್ಷಿ. ಎರಡನೇ ಸಲ ಕರೆದ್ರು ಅಂದ್ರೆ ಮಾಫಿ ಸಾಕ್ಷಿ, ಬರೆದಿಟ್ಕೊಳ್ಳಿ" ಎಂದು ಬೆರಳು ಮಡಿಚಿ ಹೇಳುತ್ತಿದ್ದರು. ಅವರನ್ನು ಯಾರೂ ಒಂದು ಸಲವೂ ಕರೆದಿರಲಿಲ್ಲ. ಆ ಹೊಟ್ಟೆಯುರಿಯೂ ಸ್ವಲ್ಪ ಇತ್ತೆಂದು ಕಾಣುತ್ತದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಯಾಕೆಂದರೆ ಅಷ್ಟರಲ್ಲಿ ನನಗೆ ಲಕೋಟೆ ಬಂದಿತ್ತು.

ಅದನ್ನು ನಂಬರಕ್ಕ ನನಗೆ ಕೊಟ್ಟದ್ದು ಕೈತೊಳೆಯುವ ತೊಟ್ಟಿಯ ಹತ್ತಿರ, ಸೆರಗಿನೊಳಗಿಂದ ತೆಗೆದು. "ನಿನ್ನ ಹೆಸರಿಗಿದೆ, ತನಿಖೆಯವರದ್ದು. ಇಲ್ಲಿ ಒಡೀಬೇಡ. ನಾಳೆ ಹಲ್ಲುನೋವು ಅಂತ ರಜಾ ಬರಿ" ಎಂದು ಹೇಳಿ ನಲ್ಲಿ ತಿರುಗಿಸಿ ಹೊರಟುಹೋದರು. ಲಕೋಟೆಯ ಮೂಲೆಯಲ್ಲಿ ನೇರಳೆ ಅಂಕಿ ಇತ್ತು, 2207. ಆ ಅಂಕಿಯ ಬಗ್ಗೆ ನಾನು ಆಗ ಯೋಚಿಸಲೇ ಇಲ್ಲ.

ಮಾರನೆಯ ದಿನ ತನಿಖೆಯ ಕಚೇರಿಯಲ್ಲಿ ಒಬ್ಬ ಹೆಂಗಸು ಅಧಿಕಾರಿ ನನ್ನ ಮುಂದೆ ಆ ಆದೇಶವನ್ನಿಟ್ಟು ಎಡಗಡೆ ಮೂಲೆಯ ಎರಡಕ್ಷರವನ್ನು ಪೆನ್ಸಿಲಿನಿಂದ ಮುಟ್ಟಿ ತೋರಿಸಿದರು. ಗದರಲಿಲ್ಲ, ಗುಡುಗಲಿಲ್ಲ. ಸುಮ್ಮನೆ ಕಾದರು. ನಾನು ಅತ್ತು ಎಲ್ಲವನ್ನೂ ಹೇಳಿದೆ: ಟೈಪು ಮಾಡಿದ್ದು ಇಪ್ಪತ್ತಕ್ಕೆ, ಹೇಳಿದ್ದು ಸಾಹೇಬರು, ಟವೆಲ್ ಸಾಲು ಹೀಗೆ. ಸತ್ಯ ಹೇಳುವವರೆಲ್ಲ ಧೈರ್ಯವಂತರು ಎಂದು ಪುಸ್ತಕಗಳಲ್ಲಿ ಓದಿದ್ದೆ. ನಾನು ಹೆದರಿ ಹೇಳಿದೆ. ನಂಬರು ಹಾಕಿದ್ದು ಯಾರು ಎಂದು ಕೇಳಿದಾಗ ನಂಬರಕ್ಕನ ಹೆಸರನ್ನೂ ಹೇಳಿದೆ.

"ಅವ್ರನ್ನ ಏನ್ ಮಾಡ್ತೀರ ಮೇಡಮ್?"

"ಸಾಕ್ಷೀನೋ ಆರೋಪೀನೋ, ಈಗ್ಲೇ ಹೇಳಕ್ಕಾಗಲ್ಲ. ಅವ್ರು ಏನ್ ಹೇಳ್ತಾರೆ ಅನ್ನೋದರ ಮೇಲೆ ಇದೆ" ಎಂದರು. ಚಾರ್ಜ್‌ಶೀಟು ಸಲ್ಲಿಸುವವರೆಗೆ ನನ್ನ ಹೆಸರು ಹೊರಬರದು, ನಾನೂ ಬಾಯಿಬಿಡದಿದ್ದರೆ ಒಳ್ಳೆಯದು ಎಂದೂ ಹೇಳಿದರು. ನ್ಯಾಯಾಧೀಶರ ಮುಂದೆಯೂ ನನ್ನ ಹೇಳಿಕೆ ದಾಖಲಾಯಿತು.

ಮುಂದಿನ ವಾರ ನಂಬರಕ್ಕನಿಗೆ ನೋಟೀಸು ಬಂತು. ತಮ್ಮ ನೋಟೀಸನ್ನು ಅವರು ಎಲ್ಲರ ಎದುರಿಗೇ ಮುದ್ರೆ ಒತ್ತಿ, ಆವಕದಲ್ಲಿ ದುಂಡು ಅಕ್ಷರದಲ್ಲಿ ಬರೆದುಕೊಂಡರು. ಎರಡು ದಿನ ಪೂರ್ತಿ ಅಲ್ಲಿ ಕೂತು ಬಂದರು. ಕಡತದ ಗುಮಾಸ್ತರ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. "ನಾನು ಹೇಳ್ಲಿಲ್ವಾ?" ಎಂದು ಮೇಜು ಕುಟ್ಟಿದರು.

ಆಮೇಲೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಯಾರೂ ಅವರ ಹತ್ತಿರ ಮಾತಾಡಲಿಲ್ಲ. ಪತ್ರಗಳನ್ನು ಕೈಗೆ ಕೊಡದೆ ಕಿಟಕಿಯಿಂದ ಒಳಗೆಸೆಯುತ್ತಿದ್ದರು. ಅವರ ಮಸಿ ಪ್ಯಾಡಿಗೆ ಯಾರೋ ನೀರು ಸುರಿದರು. ಮಂತ್ರಿಗಳು ಬಿದ್ದರೆ ತಮ್ಮ ಬಡ್ತಿ, ವರ್ಗ ಎಲ್ಲ ಬೀಳುತ್ತದೆಂದು ಕೆಲವರಿಗೆ ಭಯ. ಉಳಿದವರಿಗೆ ಹತ್ತು ಜನರ ಜೊತೆ ಸೇರಿ ಒಬ್ಬರನ್ನು ದೂರವಿಡುವ ಸುಖ. ನಾನು? ಊಟದ ಹೊತ್ತಿಗೆ ನನ್ನ ಡಬ್ಬಿ ಎತ್ತಿಕೊಂಡು ಆಚೆ ಮೇಜಿಗೆ ಹೋದೆ. ಅವರ ಜೊತೆ ಕೂತರೆ ನನ್ನ ಮೇಲೂ ಅನುಮಾನ ಬರುತ್ತದೆ ಎಂಬ ಪುಕ್ಕಲುತನ. ನಂಬರಕ್ಕ ಒಬ್ಬರೇ ಡಬ್ಬಿ ಬಿಚ್ಚಿ, ಎದುರಿಗಿನ ಖಾಲಿ ಕುರ್ಚಿಯನ್ನು ಒಂದು ಸಲ ನೋಡಿ, ಉಂಡು, ಕೈತೊಳೆದು ಬಂದು ಕೂತರು.

ಆಗ ಬಂದವರು ಮಂತ್ರಿಗಳ ಆಪ್ತ ಕಾರ್ಯದರ್ಶಿ. ಬೈಯುವಾಗಲೂ ನಗುತ್ತಿದ್ದರಿಂದ ಅವರಿಗೆ ನಗೆಮುಖ ಎಂದು ಹೆಸರು. ನಾಳೆ ಸಾಹೇಬರು ಕೈಕಟ್ಟಿ ಅವರ ಹಿಂದೆ ಬಂದರು. ನಗೆಮುಖ ನೇರವಾಗಿ ಕಂಬಿ ಕಿಟಕಿಯ ಒಳಗೆ ಹೋಗಿ, ಆವಕ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೊಂದೇ ಹಾಳೆ ಮಗುಚಿದರು. ಯಾರಿಗೆಲ್ಲ ನೋಟೀಸು ಬಂದಿದೆ ಎಂದು ನೋಡುವುದು ಅವರ ಉದ್ದೇಶ. ಒಂದು ಕಡೆ ಅವರ ಬೆರಳು ನಿಂತಿತು.

"ಅಕ್ಕೋರೇ, ಇದೇನಿದು? 2206 ಇದೆ, 2208 ಇದೆ. ನಡುವೆ ಸಾಲೇ ಖಾಲಿ!"

ನನ್ನ ಬೆರಳು ಯಂತ್ರದ ಮೇಲೇ ನಿಂತಿತು. 2207. ಆಗ ಎಲ್ಲವೂ ಅರ್ಥವಾಯಿತು. ಅವರು ರೂಢಿಯಂತೆ ಮೊದಲು ರಾಶಿಗೆಲ್ಲ ಮುದ್ರೆ ಒತ್ತಿದ್ದಾರೆ, ಆಮೇಲೆ ಹೆಸರು ಓದಿದ್ದಾರೆ. ನನ್ನ ಹೆಸರು ನೋಡಿದಾಗ ನಂಬರು ಆಗಲೇ ಬಿದ್ದುಹೋಗಿದೆ. ಬೇರೆ ಯಾರಾದರೂ ಆಗಿದ್ದರೆ ಪುಸ್ತಕದಲ್ಲಿ ಆ ನಂಬರನ್ನು ಇನ್ನೊಂದು ಪತ್ರಕ್ಕೆ ಕೊಟ್ಟು ಅಂಕಿ ತಿದ್ದಿ ಮುಚ್ಚಿಹಾಕುತ್ತಿದ್ದರು. ಬಿದ್ದ ನಂಬರನ್ನು ಸುಳ್ಳು ಮಾಡುವುದು ನಂಬರಕ್ಕನ ಕೈಲಾಗಲಿಲ್ಲ. ನನ್ನ ಹೆಸರು ಬರೆಯಲೂ ಮನಸ್ಸಾಗಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಆವಕದಲ್ಲಿ ಟವೆಲ್ ಹಾಕಿದ್ದರು, ನನಗಾಗಿ.

"ಕೈತಪ್ಪು" ಎಂದರು ನಂಬರಕ್ಕ.

"ನಿಮ್ಮ ಕೈ ತಪ್ಪುತ್ತಾ?" ನಗೆಮುಖ ಇನ್ನಷ್ಟು ನಕ್ಕರು. "ನಿಮಗೇ ಬಂದ ಕಾಗದ ಅಲ್ವಾ ಇದು? ಅವ್ರು ಊರಿಗೆಲ್ಲ ತೋರಿಸೋಕೆ ಆಮೇಲೆ ಕಳ್ಸಿದ್ದು ಎರಡನೇದು. ಮೊದಲನೇದು ಗುಟ್ಟಾಗಿ. ಸರಿ ತಾನೇ?" ಹಾಗೆಂದು ಪುಸ್ತಕ ಮುಚ್ಚಿ, ಹೊರಡುವ ಮುಂಚೆ ಬಹಳ ಮೃದುವಾಗಿ ಕೇಳಿದರು. "ನಿಮ್ಮಕ್ಕ ಹಗಲು ಹೊತ್ತು ಮನೇಲಿ ಒಬ್ರೇ ಇರ್ತಾರಂತಲ್ಲ? ಮೆಟ್ಟಿಲು ಬೇರೆ ಇಳಿಯಕ್ಕಾಗಲ್ವಂತೆ. ಜೋಪಾನ."

ನಂಬರಕ್ಕ ತಲೆಯೆತ್ತಲಿಲ್ಲ. ನಗೆಮುಖ ಹೋದ ಮೇಲೆ ಮುದ್ರೆ ಒತ್ತಲು ಕೈಯೆತ್ತಿದರು. ಅಂಕಿ ಹಾಳೆಯ ಅಂಚಿನ ಮೇಲೆ ಅರ್ಧ ಬಿತ್ತು. ಅರ್ಧ ಬಿದ್ದ ಅಂಕಿಯನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರನೆಯ ದಿನ ಮೇಲಿನ ಕಚೇರಿಯಿಂದ ಆಜ್ಞೆ ಬಂತು. ಆವಕ ಸಂಖ್ಯೆ 2207ರ ದಾಖಲೆ ಮರೆಮಾಚಿದ ಆರೋಪದ ಮೇಲೆ ವಿಚಾರಣೆ, ಮುಂದಿನ ತಿಂಗಳ ಮೊದಲ ಶುಕ್ರವಾರ ಹನ್ನೊಂದು ಗಂಟೆಗೆ. ಉತ್ತರ ಸಮಾಧಾನಕರವಾಗಿರದಿದ್ದರೆ ಕೂಡಲೇ ಅಮಾನತು. ಆ ತಿಂಗಳ ಕೊನೆಗೆ ನಂಬರಕ್ಕನಿಗೆ ನಿವೃತ್ತಿ. ಪುಸ್ತಕಗಳನ್ನೆಲ್ಲ ಒಪ್ಪಿಸಿ, "ಎಲ್ಲವೂ ಸರಿಯಿದೆ" ಎಂದು ಬರೆಸಿಕೊಂಡು ಆ ಮೆಟ್ಟಿಲಿಳಿಯಬೇಕೆಂಬುದೊಂದೇ ಅವರ ಆಸೆ. ಈಗ ನಾಲ್ಕು ವಾರ ಮೊದಲೇ ಕಳ್ಳಿಯೆಂದು ಇಳಿಸಲು ಹೊರಟಿದ್ದರು. ಜೊತೆಗೆ ಅಮಾನತಾದವರ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅದು ನಗೆಮುಖದವರ ಯೋಜನೆ.

ವಿಚಾರಣೆಗೆ ಹಿಂದಿನ ಭಾನುವಾರ ಮಧ್ಯಾಹ್ನ ನಾನು ಸೈಕಲ್ ಅಂಗಡಿಯ ಮೇಲಿನ ಮನೆಗೆ ಹೋದೆ. ಅಂಗಡಿಯ ಎದುರಿಗೆ ಇಬ್ಬರು ಗಂಡಸರು ಮೋಟಾರ್ ಸೈಕಲಿಗೆ ಒರಗಿ ನಿಂತಿದ್ದರು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮೇಲೆ ದೊಡ್ಡಕ್ಕ ಕಿಟಕಿ ಮುಚ್ಚಿಕೊಂಡು ದೀಪದ ಕೆಳಗೆ ಇಸ್ಪೀಟಾಡುತ್ತಿದ್ದರು. ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಪೆಟ್ಟಿಗೆ ನೂಕಿದ್ದರು. ನಂಬರಕ್ಕ ಅದನ್ನು ಎಳೆದು ನನ್ನನ್ನು ಒಳಗೆ ಬಿಟ್ಟುಕೊಂಡರು.

"ಅಕ್ಕಾ, ನಾನೇ" ಎಂದೆ.

"ಗೊತ್ತು ಕಣೇ. ಲಕೋಟೆ ಕೊಟ್ಟೋಳು ನಾನೇ ಅಲ್ವಾ?"

"ನಿಮ್ಮ ಹೆಸರೂ ಹೇಳ್ಬಿಟ್ಟೆ ಅಕ್ಕಾ."

"ನಂಬರ್ ಹಾಕಿದ್ದು ನಾನು. ಇನ್ಯಾರ ಹೆಸರು ಹೇಳ್ತಿದ್ದೆ, ದೊಡ್ಡಕ್ಕಂದಾ?" ದೊಡ್ಡಕ್ಕ ಎಲೆಗಳಿಂದ ತಲೆಯೆತ್ತಿ, ನನ್ನನ್ನ್ಯಾಕೆ ಎಳೀತೀರ ಎಂಬಂತೆ ನೋಡಿದರು. "ನಾನೂ ಅವ್ರಿಗೆ ಎಲ್ಲಾ ಹೇಳ್ದೆ. ಎರಡು ದಿನ ಆಯ್ತು, ನಾಲ್ಕು ವರ್ಷದ ಟವೆಲ್ ಎಲ್ಲಾ ತೋರಿಸೋಕೆ. ಸಾಕ್ಷಿ ಮಾಡ್ತಾರೋ ಆರೋಪಿ ಮಾಡ್ತಾರೋ, ಅವ್ರಿಷ್ಟ. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ನಿದ್ದೀನಿ."

"ಹಾಗಾದ್ರೆ ಶುಕ್ರವಾರ 2207 ನಂದು ಅಂತ ಹೇಳ್ಬಿಡಿ. ನಿಮಗೆ ಅಮಾನತು ತಪ್ಪುತ್ತೆ."

ಅವರ ಮುಖ ಕೆಂಪಾಯಿತು. ಹದಿಮೂರು ವರ್ಷದಲ್ಲಿ ಅವರು ನನ್ನ ಮೇಲೆ ರೇಗಿದ್ದು ಅದೇ ಮೊದಲು. "ಕೆಳಗೆ ನಿಂತಿದ್ದಾರಲ್ಲ, ನೋಡಿದ್ಯಾ? ನಾನು ಹೇಳಿದ ಮರುದಿನ ನಿನ್ನ ಮನೆ ಮುಂದೆ ನಿಲ್ತಾರೆ. ನಿನ್ನ ಮಗಳು ಶಾಲೆಗೆ ನಡ್ಕೊಂಡು ಹೋಗೋ ಕೂಸು. ನಂಗೇನು, ಇನ್ನೊಂದು ತಿಂಗಳು. ನೀನು ಬಾಯಿ ಬಿಟ್ಟೆ ಅಂದ್ರೆ ನಿನ್ನ ಮುಖ ನೋಡಲ್ಲ ನಾನು."

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡ ಕಣೇ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಹಳೆಯ ಲಕೋಟೆಯೊಂದರ ಹಿಂದೆ ಮನೆಪಾಠದ ಲೆಕ್ಕ ಮಾಡುತ್ತಿದ್ದಳು. ಆ ಮಾರಿ ಈಗಾಗಲೇ ಇನ್ನೊಬ್ಬರ ಮನೆ ಮುಂದೆ ನಿಂತಿದೆ, ನಮ್ಮ ವಿಳಾಸ ಹುಡುಕಿಕೊಂಡು ಬಂದ ಮಾರಿ ಅದು, ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಮಗಳ ಲೆಕ್ಕ ತಿದ್ದುತ್ತ ಕೂತೆ.

ಶುಕ್ರವಾರ ಬಂತು, ಎರಡನೇ ತಾರೀಖು. ಹತ್ತೂವರೆಗೆ ನಾಳೆ ಸಾಹೇಬರು ನನ್ನನ್ನು ಕರೆದು ಯಂತ್ರ ತಮ್ಮ ಕೋಣೆಗೆ ತರಿಸಲು ಹೇಳಿದರು. ವಿಚಾರಣೆಯ ನಡಾವಳಿ ಟೈಪು ಮಾಡಬೇಕಾದವಳು ನಾನೇ. "ತಾರೀಖು ಮೂವತ್ತೊಂದು ಹೊಡಿಯಮ್ಮ" ಎಂದರು ದನಿ ತಗ್ಗಿಸಿ. ನಿವೃತ್ತಿಯ ತಿಂಗಳು ಶುರುವಾದ ಮೇಲೆ ಯಾರನ್ನೂ ಅಮಾನತು ಮಾಡುವಂತಿಲ್ಲ ಎಂಬ ನಿಯಮ ಅವರಿಗೆ ಅವತ್ತು ಬೆಳಿಗ್ಗೆ ನೆನಪಾಗಿತ್ತು. ತನಿಖೆ ಶುರುವಾದ ಮೇಲೂ ಸಾಹೇಬರು ಟವೆಲ್ ಹಾಕಿಸುವುದನ್ನು ನಿಲ್ಲಿಸಿರಲಿಲ್ಲ. ದಿನಕ್ಕೆ ಮೂರಿದ್ದದ್ದನ್ನು ಒಂದಕ್ಕಿಳಿಸಿದ್ದರು, ಅದೇ ಅವರ ಪ್ರಾಮಾಣಿಕತೆ. ಮೂವತ್ತೊಂದನೇ ತಾರೀಖಿನ ಆ ಒಂದು ಸಾಲನ್ನು ಬಿಟ್ಟಿದ್ದವರು ನಂಬರಕ್ಕ. ತಮ್ಮನ್ನು ಹೊರಗೆ ಹಾಕುವ ಕಾಗದಕ್ಕೆ ತಾವೇ ಸೀಟು ಹಿಡಿದಿಟ್ಟಂತಾಗಿತ್ತು.

ಹನ್ನೊಂದಕ್ಕೆ ಬಾಗಿಲು ಮುಚ್ಚಿತು. ಮೇಜಿನ ಹಿಂದೆ ಸಾಹೇಬರು, ಕಿಟಕಿಯ ಬಳಿ ಸುಮ್ಮನೆ ಬಂದವರಂತೆ ನಗೆಮುಖ, ಎದುರಿಗೆ ನಿಂತ ನಂಬರಕ್ಕ, ಮೂಲೆಯಲ್ಲಿ ನಾನು. ನಂಬರಕ್ಕನನ್ನು ಕೂರಿ ಎಂದು ಯಾರೂ ಹೇಳಲಿಲ್ಲ. ಆವಕ ಪುಸ್ತಕ ಮೇಜಿನ ಮೇಲೆ ತೆರೆದು ಬಿದ್ದಿತ್ತು.

"2207 ಯಾಕೆ ಖಾಲಿ?"

"ಕೈತಪ್ಪು."

"ಯಾರ ಹೆಸರಿಗೆ ಬಂದ ಟಪಾಲು?"

"ನೆನಪಿಲ್ಲ."

ನಾನು ಎರಡು ಉತ್ತರವನ್ನೂ ಹೊಡೆದೆ. ಹತ್ತು ವರ್ಷದ ಹಿಂದಿನ ಪತ್ರದ ನಂಬರನ್ನು ಪುಸ್ತಕ ನೋಡದೆ ಹೇಳುವವರು ನೆನಪಿಲ್ಲ ಎಂದರೆ ಕೋಣೆಯಲ್ಲಿ ನಂಬಿದವರು ಒಬ್ಬರೂ ಇರಲಿಲ್ಲ. ನಗೆಮುಖ ಸಾಹೇಬರ ಕಡೆ ಸಣ್ಣಗೆ ತಲೆಯಾಡಿಸಿದರು.

"ಬರ್ಕೊಳಮ್ಮ" ಎಂದರು ಸಾಹೇಬರು, ಚಾವಣಿ ನೋಡುತ್ತ. "ಸದರಿ ನೌಕರರು ಸಮಾಧಾನಕರ ಉತ್ತರ ನೀಡಿರುವುದಿಲ್ಲ. ಆದ್ದರಿಂದ ಅವರನ್ನು ಅಮಾನತಿನಲ್ಲಿಡಲಾಗಿದೆ."

ನಾನು 'ಸದರಿ' ಎಂದು ಹೊಡೆದೆ. ಬೆರಳು ನಿಂತಿತು. ನಂಬರಕ್ಕನ ಕೈ ಕಾಣುತ್ತಿತ್ತು, ಸೀರೆಯ ನೆರಿಗೆಯನ್ನು ಬಿಗಿಯಾಗಿ ಹಿಡಿದಿದ್ದ ನೇರಳೆ ಬೆರಳುಗಳು. ಈ ಸಾಲನ್ನೂ ಹೊಡೆದು ಕೆಳಗೆ ನನ್ನ ಎರಡಕ್ಷರ ಹಾಕಿದರೆ, ಸಾಯುವವರೆಗೂ ಆ ಎರಡಕ್ಷರವನ್ನು ನನ್ನ ಹೆಸರೆಂದು ಹೇಳಿಕೊಳ್ಳಲಾಗುವುದಿಲ್ಲ ಎನ್ನಿಸಿತು. ಹೊಡೆಯತೊಡಗಿದೆ. ಹೊಡೆಯುತ್ತಲೇ ಇದ್ದೆ. ಯಂತ್ರ ಸಾಲಿನ ಕೊನೆಗೆ ಬಂದು ಗಂಟೆ ಬಾರಿಸಿತು, ತಳ್ಳಿದೆ, ಮತ್ತೆ ಹೊಡೆದೆ. ಇನ್ನೊಮ್ಮೆ ಗಂಟೆ.

"ಎರಡು ವಾಕ್ಯಕ್ಕೆ ಎಷ್ಟು ಹೊಡೀತೀಯಮ್ಮ?" ಸಾಹೇಬರು ಚಾವಣಿಯಿಂದ ಕೆಳಗಿಳಿದರು.

"ಆಯ್ತು ಸಾರ್" ಎಂದು ಹಾಳೆಯನ್ನು ಎಳೆದು ಕೊಟ್ಟೆ.

ಅವರು ಜೋರಾಗಿ ಓದತೊಡಗಿದರು, ಅಭ್ಯಾಸ. "ಸದರಿ 2207ನೇ ಸಂಖ್ಯೆಯ ಲಕೋಟೆಯು ಬೆರಳಚ್ಚುಗಾರ್ತಿಯಾದ ನನ್ನ ಹೆಸರಿಗೆ ತನಿಖಾ ಕಚೇರಿಯಿಂದ ಬಂದಿದ್ದು, ಅದನ್ನು ನಾನು ಪಡೆದಿರುತ್ತೇನೆ. ನಾನೂರ ಹದಿನೆಂಟನೇ ಸಂಖ್ಯೆಯ ಆದೇಶವನ್ನು ಇಪ್ಪತ್ತನೇ ತಾರೀಖು ಸೂಪರಿಂಟೆಂಡೆಂಟರ ಮಾತಿನಂತೆ ನಾನು ಟೈಪು ಮಾಡಿದ್ದಾಗಿ ನ್ಯಾಯಾಧೀಶರ ಮುಂದೆ..." ಅಲ್ಲಿಗೆ ಅವರ ದನಿ ಒಣಗಿತು. ಹಾಳೆ ಹರಿಯಲು ಎರಡೂ ಕೈ ಹೋದವು.

"ಮೂರು ಕಾರ್ಬನ್ ಹಾಕಿದ್ದೀನಿ ಸಾರ್" ಎಂದೆ. ಪ್ರತಿಗಳು ನನ್ನ ಮಡಿಲಲ್ಲಿದ್ದವು.

ನಗೆಮುಖ ನನ್ನನ್ನೇ ನೋಡಿದರು. ಮೊದಲ ಸಲ ಅವರು ನಗುತ್ತಿರಲಿಲ್ಲ. ನಗದೆ ಇದ್ದಾಗ ಅದೊಂದು ಸಾಧಾರಣ ಮುಖ, ದಣಿದ ಮುಖ. ಅವರು ಬಾಗಿಲು ತೆರೆದು ಹೊರಟುಹೋದರು. ಎಲ್ಲಿಗೆ ಹೋಗುತ್ತಿದ್ದಾರೆ, ಯಾರ ಮನೆಯ ವಿಳಾಸ ಕೊಡಲು ಹೋಗುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಯಂತ್ರಕ್ಕೆ ಹೊದಿಕೆ ಹಾಕಿದೆ. ತೆರೆದ ಬಾಗಿಲಾಚೆ ಕಡತದ ಗುಮಾಸ್ತರು ಕಿವಿಗೊಟ್ಟು ಬಗ್ಗಿದವರು ಬಗ್ಗಿದಂತೆಯೇ ಇದ್ದರು.

ನಂಬರಕ್ಕ ನನ್ನ ಮಡಿಲಿನಿಂದ ಒಂದು ಪ್ರತಿ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ನಿನ್ನ ಮುಖ ನೋಡುವುದಿಲ್ಲ ಎಂದಿದ್ದರಲ್ಲ, ಹಾಗೆಯೇ ನನ್ನ ಮುಖ ನೋಡದೆ, ಹಾಳೆಯನ್ನೇ ನೋಡುತ್ತ ಕೇಳಿದರು.

"ತಾರೀಖು ಯಾವುದು ಹಾಕಿದ್ದೀಯ?"

"ಇವತ್ತಿಂದೇ ಅಕ್ಕಾ. ಎರಡು."

ಆವಕ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಸಾಹೇಬರ ಮೇಜಿನ ಮೇಲೇ, 2207ರ ಮುಂದೆ ನನ್ನ ಹೆಸರನ್ನು ದುಂಡಾಗಿ ಬರೆದರು. ಪಕ್ಕದಲ್ಲಿ, ತಡವಾಗಿ ನಮೂದಿಸಿದ್ದು ಎಂದು ಅವತ್ತಿನ ತಾರೀಖು ಹಾಕಿ ಸಹಿ ಮಾಡಿದರು. ನನ್ನಿಂದಲೂ ಸಹಿ ಮಾಡಿಸಿಕೊಂಡರು. ಆಮೇಲೆ ಹಾಳೆಯನ್ನು ಹಿಡಿದು ತಮ್ಮ ಕಂಬಿ ಕಿಟಕಿಯ ಹಿಂದೆ ಹೋಗಿ, ಜಾವಕದಲ್ಲಿ ಮೂವತ್ತೊಂದರ ಖಾಲಿ ಸಾಲಿಗೆ ಅಡ್ಡಗೀರು ಎಳೆದು, ಎರಡನೇ ತಾರೀಖಿನ ಕೆಳಗೆ ಅದಕ್ಕೆ ನಂಬರು ಕೊಟ್ಟರು. ಮುದ್ರೆಯ ಸದ್ದು ಇಡೀ ಕಚೇರಿಗೆ ಕೇಳಿಸಿತು. ಅಂಕಿ ಪೂರ್ತಿ ಬಿದ್ದಿತ್ತು.

ಊಟದ ಹೊತ್ತಾಗಿತ್ತು. ನಾನು ಡಬ್ಬಿ ಹಿಡಿದುಕೊಂಡು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದೆ. ಆಚೆ ಮೇಜಿನವರೆಲ್ಲ ತಟ್ಟೆಯೊಳಗೆ ಮುಖ ಹಾಕಿದ್ದರು. ನಂಬರಕ್ಕನ ಎದುರಿಗಿನ ಕುರ್ಚಿಯ ಮೇಲೆ ಅವರ ಕೈ ಒರೆಸುವ, ನೇರಳೆ ಕಲೆಗಳ ಟವೆಲು ಬಿದ್ದಿತ್ತು. ನಾನು ಹತ್ತಿರ ಹೋದಾಗ ಅವರು ತಲೆಯೆತ್ತದೆ ಅದನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

"ಕೂತ್ಕೋ" ಎಂದರು. "ಊಟ ಮಾಡ್ಕೊಂಡು ಇಬ್ರೂ ಶಾಲೆಗೆ ಹೋಗಿ ಮಗೂನ ಕರ್ಕೊಂಡು ಬರೋಣ."